ಆಧಾರ್‌ಗೆ ಅಳತೆಗೋಲು ವಾಸವೋ, ಪೌರತ್ವವೋ?

ಮಂಡ್ಯ, ಮದ್ದೂರು, ಮಳವಳ್ಳಿಗಳ ಹಲವು ಮನೆಗಳ ಮಕ್ಕಳು ಇಂದು ಅಮೆರಿಕದ ಪ್ರಜೆಗಳು. ಒಸಿಐ ಕಾರ್ಡು ಹೊಂದಿದ್ದರೂ ಅವರು ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಪಡೆಯಲು ಅಡ್ಡಿಯಿಲ್ಲ. 2024ರಲ್ಲಿ ರಾಜ್ಯದ ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸಲು ಮುಂದಾದ ಮೇಲೆ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಇಂಥ ವಾರಸುದಾರರಿಗೂ ಪ್ರಶ್ನೆ ಎದುರಾಗಿದೆ. ಅರ್ಜಿಯ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ನೆಲೆಸಿರಬೇಕೆಂಬುದು ನಿಯಮ. ರಜೆಗೆಂದು ತಿಂಗಳ ಮಟ್ಟಿಗೆ ಬರುವವರಿಗೆ ಇದು ಎಟುಕದು. ಅದೇ ಮನೆಯ, ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿ ಸಹೋದರನಿಗಾದರೋ 2019ರಿಂದ ಈ ದಿನಗಣನೆಯಿಲ್ಲ. ಆಧಾರ್ ಪೌರತ್ವದ ಪುರಾವೆಯಲ್ಲವೆಂದು 2016ರ ಕಾಯ್ದೆಯ 9ನೆಯ ಸೆಕ್ಷನ್ನೇ ಹೇಳುತ್ತದೆ. ವಿನಾಯಿತಿಗೆ ಮಾತ್ರ ಪೌರತ್ವವೇ ಅಳತೆಗೋಲು! ವಾಸವೇ ಮಾನದಂಡವಾದರೆ ಇಬ್ಬರಿಗೂ ಒಂದೇ ಲೆಕ್ಕವಿರಬೇಕು. ಅದಾಗುವತನಕ, ಪಹಣಿಯ ಮಟ್ಟಿಗಾದರೂ ಒಸಿಐ ಕಾರ್ಡು ಸಾಕೆಂದು ಇಲಾಖೆ ಸ್ಪಷ್ಟ ಆದೇಶ ಹೊರಡಿಸಲಿ.