ಹಾಸಿಗೆ ಅಳೆಯುವವರು ಯಾರು?

1981ರ ಪ್ಯಾರಿಸ್. ಫ್ರಾನ್ಸ್ವಾ ಮಿತೆರಾಂ ಅಧ್ಯಕ್ಷರಾಗಿ ಇನ್ನೂ ಹೊಸಬರು. ಗೆದ್ದ ಹುಮ್ಮಸ್ಸಿನಲ್ಲಿದ್ದ ಮಂತ್ರಿಗಳು ಒಬ್ಬರ ಹಿಂದೊಬ್ಬರು ಹಣ ಕೇಳಿಕೊಂಡು ಬರುತ್ತಿದ್ದರು. ಅವರಿಗೆಲ್ಲ ‘ಇಲ್ಲ’ ಎನ್ನಲು ಒಂದು ನೆಪ ಬೇಕಿತ್ತು. ಸುಲಭವಾಗಿ ಬಾಯಿಗೆ ಬರುವ, ಅರ್ಥಶಾಸ್ತ್ರದ ಗಾಂಭೀರ್ಯವೂ ಇರುವ ಒಂದು ಅಂಕಿ. ಆ ಕೆಲಸ ಹಣಕಾಸು ಸಚಿವಾಲಯದ ಬಜೆಟ್ ವಿಭಾಗದಲ್ಲಿದ್ದ ಗೀ ಅಬೇಯ್ ಎಂಬ ಕಿರಿಯ ಅಧಿಕಾರಿಯ ಮೇಜಿಗೆ ಬಂತು. ಬಜೆಟ್ ಕೊರತೆಯನ್ನು ಫ್ರಾಂಕ್‌ಗಳಲ್ಲಿ ಹೇಳಿದರೆ ಕೇಳಿದವರು ಹೌಹಾರುತ್ತಾರೆ. ಜಿಡಿಪಿಯ ಶೇಕಡಾವಾರಿನಲ್ಲಿ ಹೇಳಿದರೆ ಕೈಯಳತೆಗೆ ಸಿಕ್ಕಂತೆ ಕಾಣುತ್ತದೆ. ಶೇ 1 ಆಗದ ಮಾತು, ಶೇ 2 ಉಸಿರುಗಟ್ಟಿಸುತ್ತದೆ, ಶೇ 3 ಆಗಬಹುದು. ಇದರ ಹಿಂದೆ ಯಾವ ಸಿದ್ಧಾಂತವೂ ಇರಲಿಲ್ಲವೆಂದು ಅಬೇಯ್ ಅವರೇ ಮುಂದೆ ಪತ್ರಿಕೆಗಳ ಮುಂದೆ ಹೇಳಿಕೊಂಡರು.

ಆ ಅಂಕಿ 1992ರ ಫೆಬ್ರುವರಿಯಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ 12 ದೇಶಗಳು ಸಹಿ ಹಾಕಿದ ಒಪ್ಪಂದದೊಳಗೆ ಹೊಕ್ಕು ಕಾನೂನಾಯಿತು. ಯೂರೋ ನಾಣ್ಯ ಬೇಕಾದ ದೇಶದ ವಾರ್ಷಿಕ ಕೊರತೆ ಜಿಡಿಪಿಯ ಶೇ 3 ಮೀರಬಾರದು, ಒಟ್ಟು ಸಾಲ ಶೇ 60 ಮೀರಬಾರದು. ಹಣದುಬ್ಬರವೂ ಸೇರಿ ಜಿಡಿಪಿ ವರ್ಷಕ್ಕೆ ಶೇ 5ರಂತೆ ಬೆಳೆದರೆ, ಶೇ 3 ಕೊರತೆ ಮಾಡುವ ದೇಶದ ಸಾಲ ಶೇ 60ರಲ್ಲೇ ನಿಲ್ಲುತ್ತದೆ. ಲೆಕ್ಕ ಸೊಗಸಾಗಿದೆ. ಯೂರೋಪ್ ಎಷ್ಟೋ ವರ್ಷ ಶೇ 5ರಂತೆ ಬೆಳೆಯಲೇ ಇಲ್ಲ ಎಂಬುದು ಬೇರೆ ಮಾತು.

ಹಾಗೆಂದು ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ತನ್ನದೇ ನಾಣ್ಯವಿರುವ ದೇಶ ಮಿತಿಮೀರಿ ಸಾಲ ಮಾಡಿದರೆ ಆ ನಾಣ್ಯದ ಬೆಲೆ ಬೀಳುತ್ತದೆ, ಮಾಡಿದವರೇ ಉಣ್ಣುತ್ತಾರೆ. ನಾಣ್ಯ ಒಂದೇ ಆಗಿ, ಬಜೆಟ್ ಮಾತ್ರ ಆಯಾ ದೇಶದ ಸಂಸತ್ತಿನ ಕೈಯಲ್ಲೇ ಉಳಿದರೆ, ಒಬ್ಬರ ದುಂದಿನ ಬಿಸಿ ಎಲ್ಲರಿಗೂ ತಟ್ಟುತ್ತದೆ. ಕೊನೆಗೆ ಬಿಲ್ ತಮ್ಮ ಬಾಗಿಲಿಗೇ ಬರುತ್ತದೆ ಎಂಬ ಅಂಜಿಕೆ ಜರ್ಮನರಿಗಿತ್ತು. ಅದಕ್ಕೇ ಮೂರು ಬೀಗ ಹಾಕಿದರು: ಕೇಂದ್ರೀಯ ಬ್ಯಾಂಕ್ ಸರ್ಕಾರಗಳಿಗೆ ನೇರವಾಗಿ ಸಾಲ ಕೊಡಬಾರದು, ಒಂದು ದೇಶದ ಸಾಲಕ್ಕೆ ಇನ್ನೊಂದು ಹೊಣೆಯಲ್ಲ, ಕೊರತೆ ಮಿತಿ ಮೀರಿದವರ ಮೇಲೆ ಕ್ರಮ. 1997ರ ಸ್ಥಿರತೆ ಮತ್ತು ಬೆಳವಣಿಗೆ ಒಪ್ಪಂದದಲ್ಲಿ ದಂಡದ ಮೊತ್ತವನ್ನೂ ಬರೆದಿಟ್ಟರು.

ಬೀಗ ಮುರಿದವರು ಬೀಗ ತಂದವರೇ. 2003ರಲ್ಲಿ ಜರ್ಮನಿ, ಫ್ರಾನ್ಸ್ ಎರಡೂ ಶೇ 3 ದಾಟಿದ್ದವು. ಆ ನವೆಂಬರ್‌ನಲ್ಲಿ ಸೇರಿದ ಹಣಕಾಸು ಸಚಿವರ ಮಂಡಳಿ ಕ್ರಮ ಕೈಗೊಳ್ಳುವ ಬದಲು ಪ್ರಕ್ರಿಯೆಯನ್ನೇ ತಡೆಹಿಡಿದು ಎದ್ದಿತು. ಐರೋಪ್ಯ ಆಯೋಗ ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. 2004ರ ಜುಲೈನಲ್ಲಿ ನ್ಯಾಯಾಲಯ ಮಂಡಳಿಯ ತೀರ್ಮಾನವನ್ನು ರದ್ದು ಮಾಡಿತು. ಮರುವರ್ಷ ಸರ್ಕಾರಗಳು ನಿಯಮವನ್ನೇ ಸಡಿಲಿಸಿಕೊಂಡವು. 2016ರಲ್ಲಿ ಸ್ಪೇನ್, ಪೋರ್ಚುಗಲ್‌ಗಳಿಗೆ ದಂಡ ವಿಧಿಸುವ ಸರದಿ ಬಂದಾಗ ಮೊತ್ತ ಸೊನ್ನೆ ಎಂದು ನಿಗದಿಯಾಯಿತು! ಫ್ರಾನ್ಸಿಗೆ ಮಾತ್ರ ಯಾಕೆ ಮತ್ತೆ ಮತ್ತೆ ವಿನಾಯಿತಿ ಎಂದು ಅದೇ ವರ್ಷ ಕೇಳಿದಾಗ, ಆಯೋಗದ ಅಂದಿನ ಅಧ್ಯಕ್ಷ ಜಾನ್‌ಕ್ಲೋಡ್ ಯುಂಕರ್ ಕೊಟ್ಟ ಉತ್ತರ: ‘ಯಾಕೆಂದರೆ ಅದು ಫ್ರಾನ್ಸ್.’ ಇಷ್ಟು ಪ್ರಾಮಾಣಿಕ ಮಾತು ಬ್ರಸೆಲ್ಸ್‌ನಿಂದ ಬರುವುದು ಅಪರೂಪ.

ಇಷ್ಟಕ್ಕೇ ನಿಂತರೆ ಉಳ್ಳವರಿಗೊಂದು ನ್ಯಾಯ, ಇಲ್ಲದವರಿಗೊಂದು ನ್ಯಾಯ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಇದೇ ಕಾನೂನಿನಡಿ ದಂಡ ವಸೂಲಾದ ಪ್ರಸಂಗಗಳೂ ಇವೆ. 2015ರಲ್ಲಿ ಸ್ಪೇನ್ 1.89 ಕೋಟಿ ಯೂರೋ ತೆತ್ತಿತು. ಕೊರತೆ ಹೆಚ್ಚಾಯಿತೆಂದಲ್ಲ; ವಲೆನ್ಸಿಯಾ ಪ್ರಾಂತ್ಯ ಆರೋಗ್ಯ ಸೇವೆಯ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯದೆ ಮುಚ್ಚಿಟ್ಟಿತೆಂದು. 2018ರಲ್ಲಿ ಸಾಲ್ಜ್‌ಬರ್ಗ್ ಪ್ರಾಂತ್ಯದ ತಪ್ಪು ಲೆಕ್ಕಕ್ಕಾಗಿ ಆಸ್ಟ್ರಿಯಾ ದಂಡ ಕಟ್ಟಿತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ಹೇಳುವುದು ಕಾನೂನಿಗೆ ಸುಲಭ, ಚಾಚಿದ ಕಾಲನ್ನು ಹಿಂದಕ್ಕೆ ಮಡಿಸುವುದು ಅದರ ಕೈಲಾಗದು. ಹಾಸಿಗೆಯ ಉದ್ದವನ್ನು ಸುಳ್ಳು ಹೇಳಿದವನನ್ನು ಮಾತ್ರ ಅದು ಹಿಡಿಯಬಲ್ಲದು. ಯೂರೋಪಿನ ಪಂಡಿತರು ಮಿತಿ ಎಷ್ಟಿರಬೇಕೆಂದು 30 ವರ್ಷಗಳಿಂದ ಜಗಳವಾಡುತ್ತಿದ್ದಾರೆ. ನನಗೆ ಅದಕ್ಕಿಂತ ಅಳೆಯುವವನ ಪಾಡೇನಾಯಿತು ಎಂಬುದೇ ದೊಡ್ಡ ವಿಷಯವಾಗಿ ಕಾಣುತ್ತದೆ.

ಅವನ ಪಾಡು ನೋಡಬೇಕಾದರೆ ಅಥೆನ್ಸ್‌ಗೆ ಹೋಗಬೇಕು. ಗ್ರೀಸ್ 2001ರಲ್ಲಿ ಯೂರೋ ಬಳಗ ಸೇರಿತು. ಸೇರುವಾಗ ತೋರಿಸಿದ ಕೊರತೆಯ ಲೆಕ್ಕ ಸರಿಯಿರಲಿಲ್ಲವೆಂದು 2004ರಲ್ಲಿ ಅದೇ ಒಪ್ಪಿಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಅಧಿಕಾರಕ್ಕೆ ಬಂದ ಪಪಾಂಡ್ರೆಯು ಸರ್ಕಾರ, ಹಿಂದಿನವರು ಹೇಳಿದ್ದಕ್ಕಿಂತ ಕೊರತೆ ಎರಡು ಪಟ್ಟಿಗೂ ಹೆಚ್ಚಿದೆ ಎಂದು ಬಾಯಿಬಿಟ್ಟಿತು. ಬಾಂಡ್ ಪೇಟೆ ಬೆಂಕಿಯಾಯಿತು. 2010ರ ಮೇನಲ್ಲಿ 11,000 ಕೋಟಿ ಯೂರೋ ಸಾಲದ ಏರ್ಪಾಡು, ಅದರ ಬೆನ್ನಿಗೇ ಪಿಂಚಣಿ, ಸಂಬಳಗಳಿಗೆ ಕತ್ತರಿ.

ಹೊಸದಾಗಿ ಸ್ವಾಯತ್ತತೆ ಕೊಟ್ಟ ಅಂಕಿಅಂಶ ಸಂಸ್ಥೆಗೆ ಆ ವರ್ಷವೇ ಮುಖ್ಯಸ್ಥರಾಗಿ ಬಂದವರು ಆಂಡ್ರೆಯಾಸ್ ಜಿಯೋರ್ಜಿಯು. ಐಎಂಎಫ್‌ನಲ್ಲಿ ಇಪ್ಪತ್ತು ವರ್ಷ ದುಡಿದವರು. ನಷ್ಟದಲ್ಲಿದ್ದ ಸರ್ಕಾರಿ ಉದ್ದಿಮೆಗಳನ್ನೂ ನಿಯಮದ ಪ್ರಕಾರ ಲೆಕ್ಕಕ್ಕೆ ಸೇರಿಸಿದಾಗ 2009ರ ಕೊರತೆ ಶೇ 15.4 ಎಂದು ನಿಂತಿತು. ವರ್ಷಗಟ್ಟಲೆ ಗ್ರೀಸ್‌ನ ಅಂಕಿಗಳನ್ನು ಶಂಕೆಯಿಂದ ನೋಡುತ್ತಿದ್ದ ಐರೋಪ್ಯ ಅಂಕಿಅಂಶ ಕಚೇರಿ ಇದನ್ನು ಯಾವ ಷರಾ ಇಲ್ಲದೆ ಒಪ್ಪಿತು. ಊರಿನಲ್ಲಿ ಮಾತ್ರ ಜಿಯೋರ್ಜಿಯು ದೇಶದ್ರೋಹಿ. ಕೊರತೆಯನ್ನು ಬೇಕೆಂದೇ ಉಬ್ಬಿಸಿ ಜನರನ್ನು ಸಾಲ ಕೊಟ್ಟವರ ಕೈಗೆ ಒಪ್ಪಿಸಿದರೆಂದು ಕ್ರಿಮಿನಲ್ ಮೊಕದ್ದಮೆ. ಆ ಆರೋಪ ನಿಲ್ಲಲಿಲ್ಲ. ಆದರೆ ಅಂಕಿಯನ್ನು ಯೂರೋಪಿಗೆ ಕಳಿಸುವ ಮೊದಲು ಸಂಸ್ಥೆಯ ಮಂಡಳಿಯ ಒಪ್ಪಿಗೆ ಪಡೆಯಲಿಲ್ಲವೆಂಬ ಕಾರಣಕ್ಕೆ 2017ರಲ್ಲಿ ಎರಡು ವರ್ಷಗಳ ಶಿಕ್ಷೆ ವಿಧಿಸಿ, ಜಾರಿಯನ್ನು ಅಮಾನತಿನಲ್ಲಿಟ್ಟರು. ಕೊರತೆ ಎಷ್ಟೆಂಬುದನ್ನು ಕೈಯೆತ್ತಿಸಿ ತೀರ್ಮಾನಿಸಬೇಕಿತ್ತು ಎಂದಂತಾಯಿತು! ಆ ವಿಚಾರಣೆ ನ್ಯಾಯಯುತವಾಗಿರಲಿಲ್ಲವೆಂದು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು 2023ರಲ್ಲಿ. ಸುಳ್ಳು ಲೆಕ್ಕ ಬರೆದ ಕಾಲದ ಅಧಿಕಾರಿಗಳಿಗೆ ಇಂಥ ಕೋರ್ಟು ಅಲೆದಾಟ ಬರಲಿಲ್ಲ.

ಉಳಿದ ಕಥೆ ವಕೀಲರದು. ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆಯಲ್ಲ ಎಂಬ ವಿಧಿ ಇರುವಾಗ ಮುಳುಗುವ ದೇಶಕ್ಕೆ ನೆರವು ಕೊಡುವುದು ಹೇಗೆ? ಐರ್ಲೆಂಡಿನ ಸಂಸದ ಥಾಮಸ್ ಪ್ರಿಂಗಲ್ ಎತ್ತಿದ ಈ ಪ್ರಶ್ನೆಗೆ, ಷರತ್ತಿನ ಮೇಲೆ ಕೊಡುವ ಸಾಲ ಹೊಣೆ ಹೊರುವುದಲ್ಲ ಎಂದು ಐರೋಪ್ಯ ನ್ಯಾಯಾಲಯ 2012ರಲ್ಲಿ ದಾರಿ ಮಾಡಿಕೊಟ್ಟಿತು.

ಜರ್ಮನಿಯದು ಇನ್ನೊಂದು ಬಗೆ. 2009ರಲ್ಲಿ ಅದು ಸಾಲಕ್ಕೆ ಕಡಿವಾಣವನ್ನು ಸಂವಿಧಾನದಲ್ಲೇ ಬರೆದುಕೊಂಡಿತು. ಕೋವಿಡ್ ತುರ್ತಿನ ಹೆಸರಲ್ಲಿ ಪಡೆದ 6,000 ಕೋಟಿ ಯೂರೋ ಸಾಲದ ಅನುಮತಿಯನ್ನು ಮುಂದೆ ಹವಾಮಾನ ನಿಧಿಗೆ ವರ್ಗಾಯಿಸಿ, ಹಳೆಯ ವರ್ಷದ ಖಾತೆಗೇ ಬರೆದರು. ಆ ಕೈಚಳಕವನ್ನು ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯ 2023ರ ನವೆಂಬರ್ 15ರಂದು ಹೊಡೆದುಹಾಕಿತು. ಮರುವರ್ಷ ಬಜೆಟ್ ಜಗಳದಲ್ಲೇ ಮೈತ್ರಿ ಸರ್ಕಾರ ಮುರಿದುಬಿತ್ತು. 2025ರ ಮಾರ್ಚ್‌ನಲ್ಲಿ ಸಂಸತ್ತು ಮೂರನೇ ಎರಡರಷ್ಟು ಬಹುಮತದಿಂದ ಸಂವಿಧಾನವನ್ನೇ ತಿದ್ದಿ, ರಕ್ಷಣೆಗೆ ವಿನಾಯಿತಿಯನ್ನೂ ಮೂಲಸೌಕರ್ಯಕ್ಕೆ 50,000 ಕೋಟಿ ಯೂರೋ ನಿಧಿಯನ್ನೂ ತಂದಿತು. ಮಿತವ್ಯಯದ ಭಕ್ತರಿಗೆ ಇದು ಅಪಚಾರ. ನನಗೇನೋ ಇದೇ ಮರ್ಯಾದೆಯ ದಾರಿ: ಮಿತಿ ಬೇಡವಾದರೆ ಹಾಡಹಗಲೇ ಮತ ಹಾಕಿ ಬದಲಿಸಿ, ಖಾತೆ ಪುಸ್ತಕದಲ್ಲಿ ವರ್ಷ ಬದಲಿಸಬೇಡಿ.

ಶೇ 3 ನಮಗೂ ಹೊಸದಲ್ಲ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ಕರ್ನಾಟಕ. 2002ರಲ್ಲಿ, ಕೇಂದ್ರಕ್ಕಿಂತ ಒಂದು ವರ್ಷ ಮೊದಲೇ. ಕೊರತೆ ರಾಜ್ಯದ ಜಿಎಸ್‌ಡಿಪಿಯ ಶೇ 3ರೊಳಗೆ, ಒಟ್ಟು ಸಾಲದ ಹೊಣೆ ಶೇ 25ರೊಳಗೆ. 2025–26ರ ಬಜೆಟ್ ತೋರಿಸಿದ ಅಂದಾಜು ನೋಡಿ: ಶೇ 2.95 ಮತ್ತು ಶೇ 24.91. ಬಜೆಟ್ ಬರೆಯುವವರು ಯಾವ ಗೆರೆ ನೋಡಿಕೊಂಡು ಲೇಖನಿ ಹಿಡಿಯುತ್ತಾರೆಂದು ಬೇರೆ ಹೇಳಬೇಕಿಲ್ಲ.

ಗೆರೆಯೊಳಗೆ ಏನನ್ನು ಎಣಿಸುತ್ತಾರೆ ಎಂಬಲ್ಲೇ ನಮ್ಮ ಜಗಳವೂ ಇರುವುದು. ಆಹಾರ ಸಬ್ಸಿಡಿಯನ್ನು ಆಹಾರ ನಿಗಮದ ಸಾಲವಾಗಿ ತೋರಿಸಿ ವರ್ಷಗಳ ಕಾಲ ಬಜೆಟ್‌ನಿಂದ ಹೊರಗಿಟ್ಟಿದ್ದ ಕೇಂದ್ರ, 2021ರಲ್ಲಿ ಅದನ್ನು ಪುಸ್ತಕಕ್ಕೆ ತಂದಿತು, ಒಳ್ಳೆಯದೇ ಮಾಡಿತು. ಅದೇ ಕೇಂದ್ರ ಪಕ್ಕದ ಕೇರಳದ ಮೂಲಸೌಕರ್ಯ ಮಂಡಳಿ ಕಿಫ್ಬಿಯ ಸಾಲವನ್ನು ರಾಜ್ಯದ ಮಿತಿಯೊಳಗೆ ಎಣಿಸಿತೆಂದು ಕೇರಳ ಸಂವಿಧಾನದ 293ನೇ ವಿಧಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ವಿಷಯ ಸಂವಿಧಾನ ಪೀಠಕ್ಕೆ ಹೋಯಿತು. ಸಾಲದ ವ್ಯಾಖ್ಯೆಯಲ್ಲಿ ಕೇಂದ್ರದ ಮಾತು ತಪ್ಪಿಲ್ಲದಿರಬಹುದು. ಆದರೆ ತಾನೂ ಒಬ್ಬ ಸಾಲಗಾರನಾಗಿರುವ ಕೇಂದ್ರವೇ ಇನ್ನೊಬ್ಬ ಸಾಲಗಾರನ ಲೆಕ್ಕ ಬರೆಯುವುದನ್ನು ರಾಜ್ಯಗಳು ಯಾಕೆ ನಂಬಬೇಕು?

ಸ್ವತಂತ್ರ ವಿತ್ತೀಯ ಮಂಡಳಿಯೊಂದು ಬೇಕೆಂದು 2017ರಲ್ಲಿ ಎನ್.ಕೆ. ಸಿಂಗ್ ಸಮಿತಿ ಹೇಳಿತ್ತು. 13 ಮತ್ತು 14ನೇ ಹಣಕಾಸು ಆಯೋಗಗಳೂ ಅಂಥದ್ದನ್ನೇ ಕೇಳಿದ್ದವು. ಯೂರೋ ದೇಶಗಳಲ್ಲಿ 2013ರಿಂದ ಅದು ಕಡ್ಡಾಯ. ದೆಹಲಿ ಈವರೆಗೆ ಆ ಗೋಜಿಗೆ ಹೋಗಿಲ್ಲ. ಬೆಂಗಳೂರಿನಲ್ಲಿ ಕಾಯ್ದೆಯ ಪಾಲನೆಯನ್ನು ಪರಿಶೀಲಿಸಲು ಒಂದು ಸಮಿತಿ ಇದೆ. ಅದರ ಅಧ್ಯಕ್ಷರು ಸರ್ಕಾರದ ಮುಖ್ಯ ಕಾರ್ಯದರ್ಶಿ.