70 ಪರ್ಸೆಂಟ್ ಬ್ಲಾಕ್ ಎಂಬ ಗುಮ್ಮ

ಮೊನ್ನೆ ರಾತ್ರಿ ಡೊಂಬಿವಲಿಯಿಂದ ಭಾವನ ಫೋನು. "ಮಾರಾಯಾ, ನನ್ನ ಹಾರ್ಟಿನಲ್ಲಿ 70 ಪರ್ಸೆಂಟ್ ಬ್ಲಾಕ್ ಉಂಟಂತೆ. ನಾಳೆಯೇ ಸ್ಟೆಂಟ್ ಹಾಕಿಸಬೇಕಂತೆ."

ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅವರಿಗೆ ಎದೆ ಬಿಗಿಯುತ್ತದೆ, ನಿಂತರೆ ಸರಿಹೋಗುತ್ತದೆ. ಎರಡು ವರ್ಷದಿಂದ ಹೀಗೇ. ಹಾಗಾದರೆ ನಾಳೆಯೇ ಯಾಕೆ? "ಕೇಳಲಿಲ್ಲ, ಹೆದರಿಕೆ ಆಯ್ತು" ಅಂದರು.

ನನಗೆ ಸಿಟ್ಟು ಈ ಹೆದರಿಸುವುದರ ಮೇಲೆ.

ತಪ್ಪು ತಿಳಿಯಬೇಡಿ. ಹಾರ್ಟ್ ಅಟ್ಯಾಕ್ ಆದಾಗ ಸ್ಟೆಂಟ್ ಜೀವ ಉಳಿಸುತ್ತದೆ. ಆಗ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿರುತ್ತದೆ. ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಸಪೂರ ಕೊಳವೆ ತೂರಿಸಿ, ಬಲೂನ್ ಉಬ್ಬಿಸಿ ದಾರಿ ಬಿಡಿಸುತ್ತಾರೆ, ಅದು ಮತ್ತೆ ಕುಸಿಯದಂತೆ ಲೋಹದ ಜಾಲರಿ ಇಡುತ್ತಾರೆ. ಸುಮ್ಮನೆ ಕೂತಾಗಲೂ ಎದೆನೋವು ಬಂದರೆ, ದಿನೇ ದಿನೇ ಹೆಚ್ಚಾದರೆ ಚರ್ಚೆ ಬೇಡ, ಆಸ್ಪತ್ರೆಗೆ ಓಡಿ.

ಭಾವನದು ಅಂಥದ್ದಲ್ಲ. 2007ರ 'ಕರೇಜ್', 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಅಧ್ಯಯನಗಳೆರಡೂ ಹೇಳಿದ್ದು ಒಂದೇ: ಇಂಥ ಸ್ಥಿರವಾದ ಎದೆನೋವಿನವರಿಗೆ ಸರಿಯಾದ ಮಾತ್ರೆಗಳ ಜೊತೆ ಮೊದಲೇ ನಾಳ ಬಿಡಿಸಿದರೂ ಸಾವು ಕಡಿಮೆಯಾಗಲಿಲ್ಲ. ನೋವು ಕಡಿಮೆಯಾಗುತ್ತದೆ, ಅದೂ ಸಣ್ಣ ಲಾಭವಲ್ಲ. ಎಡಬದಿಯ ಮುಖ್ಯ ನಾಳವೇ ಕಿರಿದಾಗಿದ್ದರೆ, ಹೃದಯವೇ ಸೋತಿದ್ದರೆ ಮಾತ್ರ ಲೆಕ್ಕ ಬೇರೆ.

ಯಾಕೆ ಹೀಗೆ? ಕೊಬ್ಬು ಕೂತಿರುವುದು ಒಂದೇ ಕಡೆ ಅಲ್ಲವಲ್ಲ! ಸ್ಟೆಂಟ್ ಒಂದು ಜಾಗ ಅಗಲ ಮಾಡುತ್ತದೆ. ಅಟ್ಯಾಕ್ ಎಷ್ಟೋ ಸಲ ಬೇರೆ ಕಡೆ, ಚಿಕ್ಕ ಬ್ಲಾಕ್ ಒಡೆದು ಆಗುತ್ತದೆ. ಕೊಲೆಸ್ಟರಾಲ್ ಮಾತ್ರೆ, ಬಿಪಿ, ಶುಗರ್, ನಡಿಗೆ, ಬೀಡಿ ಬಿಡುವುದು ಇವೆಲ್ಲ ಎಲ್ಲ ನಾಳಗಳನ್ನೂ ನೋಡಿಕೊಳ್ಳುತ್ತವೆ. ಸ್ಟೆಂಟ್ ಹಾಕಿಸಿದರೂ ಇವು ತಪ್ಪುವುದಿಲ್ಲ. ಇದನ್ನು ಐದು ನಿಮಿಷ ಕೂತು ಹೇಳುವವರು ಎಷ್ಟು ಮಂದಿ?

2017ರ ಫೆಬ್ರವರಿಯಲ್ಲಿ ಸರಕಾರ ಔಷಧ ಲೇಪಿತ ಸ್ಟೆಂಟಿನ ಬೆಲೆಯನ್ನು 30 ಸಾವಿರದೊಳಗೆ ಇಳಿಸಿತು. ಅದಕ್ಕೆ ಮೊದಲು ಲಕ್ಷ ದಾಟಿ ಕೊಟ್ಟವರು ನಮ್ಮಲ್ಲೇ ಇದ್ದಾರೆ. ಬೆಲೆಗೇನೋ ಮಿತಿ ಬಂತು. ಹೆದರಿಕೆಗೆ ಮಿತಿ ಹಾಕುವವರು ಯಾರು?

ನಾವೇ. ಟೇಬಲ್ ಮೇಲೆ ಮಲಗುವ ಮೊದಲು ಎರಡೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಇದು ನನ್ನ ಆಯಸ್ಸಿಗೋ, ನೋವಿಗೋ? ಮೊದಲು ಮಾತ್ರೆಯಲ್ಲಿ ನೋಡಬಹುದಾ?" ಒಳ್ಳೆಯ ಡಾಕ್ಟರಿಗೆ ಇದರಿಂದ ಸಿಟ್ಟು ಬರುವುದಿಲ್ಲ.

ಭಾವ ನಾಳೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ, ರಿಪೋರ್ಟು ಹಿಡಿದು. ಜೊತೆಗೆ ನಾನೂ ಹೋಗುತ್ತೇನೆ.