ಔಷಧ ಕೊಡುವ ಕೈ

ಹುಣಸೂರು ರಸ್ತೆಯ ಮಗ್ಗುಲಿನ ಹೂಟಗಳ್ಳಿಯಲ್ಲಿ ಕಾರ್ಖಾನೆಗಳು ಬೆಳೆದಂತೆಲ್ಲ ಕಾರ್ಮಿಕರ ವಸತಿಗಳೂ ಬೆಳೆದಿವೆ. ಅಲ್ಲಿನವರು ಕಾಯಿಲೆ ಬಿದ್ದರೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯನ್ನೋ ಖಾಸಗಿಯವರ ಆಸ್ಪತ್ರೆಗಳನ್ನೋ ಆಶ್ರಯಿಸತಕ್ಕವರು. ಆಗ ಬಂಧುಗಳು ಮೊದಲು ವಿಚಾರಿಸುವುದು ಡಾಕ್ಟರು ಯಾರೆಂಬುದನ್ನು. ಅದು ಸಹಜವೇ. ಆದರೆ ಡಾಕ್ಟರು ಬರೆದ ಔಷಧವನ್ನು ರೋಗಿಯ ದೇಹಕ್ಕೆ ಮುಟ್ಟಿಸುವ ಕೈ ದಾದಿಯದು. ಬರೆಯುವಲ್ಲಿ ಆದ ತಪ್ಪನ್ನೂ ಔಷಧ ವಿತರಿಸುವಲ್ಲಿ ಆದ ತಪ್ಪನ್ನೂ ತಡೆಯಬಲ್ಲ ಕಡೆಯ ಕಾವಲು ಆಕೆಯೇ. ಅಲ್ಲಿ ತಪ್ಪಿದರೆ ಮುಂದೆ ಕಾವಲಿಲ್ಲ.

ತಕ್ಕ ರೋಗಿ, ತಕ್ಕ ಔಷಧ, ತಕ್ಕ ಪ್ರಮಾಣ, ತಕ್ಕ ಮಾರ್ಗ, ತಕ್ಕ ವೇಳೆ, ಈ ಐದನ್ನೂ ನೋಡಿಕೊಳ್ಳಬೇಕೆಂಬುದು ಶುಶ್ರೂಷಾ ವಿದ್ಯೆಯ ಮೊದಲ ಪಾಠ. ಹೇಳುವುದು ಸುಲಭ, ನಡೆಸುವುದು ಕಷ್ಟ. ಒಂದೇ ವಾರ್ಡಿನಲ್ಲಿ ಇಬ್ಬರು ಮಹದೇವಮ್ಮನವರಿರುವುದು ನಮ್ಮ ಸೀಮೆಯಲ್ಲಿ ಅಪರೂಪವಲ್ಲ. "ಮಹದೇವಮ್ಮ ನೀವೇ ಏನಮ್ಮ?" ಎಂದರೆ ನಿದ್ದೆಗಣ್ಣಿನ ರೋಗಿ ಹೂಂ ಎನ್ನುವಳು. "ನಿಮ್ಮ ಹೆಸರೇನಮ್ಮ?" ಎಂದು ಕೇಳಿ, ಕೈಪಟ್ಟಿಯನ್ನೂ ಕಾಗದವನ್ನೂ ತಾಳೆ ನೋಡುವುದೇ ಸರಿಯಾದ ಕ್ರಮ. ಇನ್ಸುಲಿನ್ನಿನ ವಿಷಯವನ್ನು ನೋಡಿರಿ. ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು, ಹೀಗೆ ಎರಡು ಬಗೆಯ ಶೀಷೆಗಳು ನಮ್ಮ ದೇಶದಲ್ಲಿ ದೊರೆಯುತ್ತವೆ. ಒಂದೊಂದಕ್ಕೂ ಅದರದೇ ಸಿರಿಂಜು. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಶೀಷೆಯ ಔಷಧವನ್ನು 40ರ ಸಿರಿಂಜಿನ ಗೆರೆಯಂತೆ ಎಳೆದರೆ ರೋಗಿಗೆ ಎರಡೂವರೆ ಪಟ್ಟು ಇನ್ಸುಲಿನ್ ಸೇರುವುದು. ಮುಚ್ಚಳದ ಬಣ್ಣವನ್ನು ಗಮನಿಸದ ಒಂದು ಗಳಿಗೆ ಪ್ರಾಣಕ್ಕೆ ಎರವಾಗಬಹುದು.

ಔಷಧ ಕೊಟ್ಟೊಡನೆ ಕರ್ತವ್ಯ ಮುಗಿಯಿತೆಂದು ಭಾವಿಸುವುದೂ ತಪ್ಪು. ಡಿಗಾಕ್ಸಿನ್ ಕೊಡುವ ಮೊದಲು ಒಂದು ನಿಮಿಷ ಪೂರ್ತಿ ನಾಡಿಯನ್ನೆಣಿಸಬೇಕು. ಮಾರ್ಫಿನ್ ಕೊಟ್ಟ ಮೇಲೆ ಉಸಿರನ್ನೆಣಿಸಬೇಕು. ಇನ್ಸುಲಿನ್ ಕೊಟ್ಟ ಮೇಲೆ ಬೆವರು, ನಡುಕಗಳನ್ನು ಗಮನಿಸಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ತಾಯಂದಿರಲ್ಲಿ ಐವರು ತೀರಿಕೊಂಡುದನ್ನು ನಾಡು ಮರೆತಿಲ್ಲ. ಅಲ್ಲಿ ಸಂದೇಹ ಬಂದುದು ನರಕ್ಕೆ ಹನಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣದ ಮೇಲೆ, ಕೊಟ್ಟ ಕೈಯ ಮೇಲಲ್ಲ. ಆದರೂ ಶೀಷೆಯ ದೋಷ ಮೊದಲು ತೋರುವುದು ರೋಗಿಯ ಮೈಯಲ್ಲಿ, ಅದನ್ನು ಮೊದಲು ಕಾಣಬಲ್ಲುದು ಹಾಸಿಗೆಯ ಬಳಿ ನಿಂತ ಕಣ್ಣು. ಆ ಕಣ್ಣಿಗೆ ಬಿಡುವಿರಬೇಕು, ಕಂಡುದನ್ನು ಹೇಳಲು ಧೈರ್ಯವಿರಬೇಕು.

ಈ ಎರಡನ್ನೂ ನಾವು ಒದಗಿಸಿದ್ದೇವೆಯೆ? ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿಯಿರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ ಗೊತ್ತುಮಾಡಿದ ಪ್ರಮಾಣ. ಅಧಿಕಾರಿಗಳು ರಾತ್ರಿಯ ಪಾಳಿಯಲ್ಲಿ ವಾರ್ಡುಗಳಿಗೆ ಹೋಗಿ ತಾವೇ ಎಣಿಸಿ ನೋಡಬೇಕೆಂದು ಕೋರುತ್ತೇವೆ. ಯಂತ್ರ ನಡೆಸುತ್ತಿರುವವನನ್ನು ಮಾತಿಗೆಳೆಯಬಾರದೆಂಬುದನ್ನು ಹೂಟಗಳ್ಳಿಯ ಕಾರ್ಖಾನೆಗೆ ನಿನ್ನೆ ಸೇರಿದ ಕೆಲಸಗಾರನೂ ಬಲ್ಲ. ಔಷಧ ಹಂಚುತ್ತಿರುವ ದಾದಿಯನ್ನು ಮಾತ್ರ ಡಾಕ್ಟರೂ ಕರೆಯಬಹುದು, ಗುಮಾಸ್ತನೂ ಕರೆಯಬಹುದು, ರೋಗಿಯ ಬಂಧುವೂ ಕರೆಯಬಹುದು!

ಇನ್ನು ಧೈರ್ಯದ ಮಾತು. ತಪ್ಪನ್ನು ಒಪ್ಪಿಕೊಂಡವಳಿಗೆ ಅಮಾನತ್ತೇ ಬಹುಮಾನವಾದರೆ ಮುಂದಿನವಳು ಬಾಯಿ ಮುಚ್ಚಿಕೊಳ್ಳುವಳು, ತಪ್ಪು ಮತ್ತೊಂದು ವಾರ್ಡಿನಲ್ಲಿ ಮರುಕಳಿಸುವುದು. ಉದ್ದೇಶಪೂರ್ವಕವಾದ ಅಲಕ್ಷ್ಯಕ್ಕೆ ಶಿಕ್ಷೆಯಾಗಲಿ. ವ್ಯವಸ್ಥೆಯ ದೋಷದಿಂದಾದ ತಪ್ಪಿಗೆ ವ್ಯವಸ್ಥೆಯೇ ತಿದ್ದಿಕೊಳ್ಳಲಿ. ಔಷಧಗಳ ದುಷ್ಪರಿಣಾಮಗಳನ್ನು ವರದಿಮಾಡಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಏರ್ಪಾಡಿದೆ. ಅದರ ಕೇಂದ್ರವೊಂದು ಮೈಸೂರಿನ ಜೆಎಸ್ಎಸ್ ಆಸ್ಪತ್ರೆಯಲ್ಲಿಯೇ ಇದೆ. ದಾದಿಯರೂ ಅಲ್ಲಿಗೆ ವರದಿಮಾಡಬಹುದೆಂಬುದನ್ನು ಪ್ರತಿಯೊಂದು ವಾರ್ಡಿನ ಗೋಡೆಯ ಮೇಲೂ ಕನ್ನಡದಲ್ಲಿ ಬರೆಸತಕ್ಕದ್ದು.

ಔಷಧಗಳಿಂದಾಗುವ, ತಡೆಯಬಹುದಾದ ತೀವ್ರ ಹಾನಿಯನ್ನು 5 ವರ್ಷಗಳಲ್ಲಿ ಅರ್ಧಕ್ಕಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಕರೆಯಿತ್ತಿತು. ಅವಧಿ ಮುಗಿಯಿತು, ಕೆಲಸ ಮುಗಿಯಲಿಲ್ಲ. ಖಾಲಿ ಸ್ಥಾನಗಳನ್ನು ತುಂಬುವುದು, ಔಷಧ ಹಂಚುವ ವೇಳೆಯಲ್ಲಿ ದಾದಿಯನ್ನು ಯಾರೂ ಕರೆಯದಂತೆ ನಿಯಮ ಮಾಡುವುದು, ಅಪಾಯಕರ ಔಷಧಗಳನ್ನು ಇಬ್ಬರು ಪರೀಕ್ಷಿಸಿ ಕೊಡುವುದು, ಇವು ಅಸಾಧ್ಯವಾದ ಬೇಡಿಕೆಗಳಲ್ಲ. ದಾದಿಯರನ್ನು ದೇವತೆಗಳೆಂದು ಹೊಗಳುವ ಭಾಷಣಗಳು ನಮ್ಮಲ್ಲಿ ಸಾಕಷ್ಟಿವೆ. ಹೊಗಳಿಕೆ ಹಾಗಿರಲಿ, ಅವರಿಗೆ ಜೊತೆಗಾರರನ್ನು ಕೊಡಿರಿ, ವೇಳೆಯನ್ನು ಕೊಡಿರಿ ಎಂದು ಸರಕಾರವನ್ನೂ ಆಸ್ಪತ್ರೆಗಳ ಆಡಳಿತಗಾರರನ್ನೂ ನಾವು ಒತ್ತಾಯಪಡಿಸುತ್ತೇವೆ.